ಮನೆಯಲ್ಲಿ ಒಬ್ಬರೇ ಉಳಿದ ಹಿರಿಯರಿಗೆ ಯಾವ ಏರ್ಪಾಡು ಒಗ್ಗುತ್ತದೆ?

ಬೊಜ್ಜದ (ಸತ್ತವರ ಉತ್ತರಕ್ರಿಯೆಯ) ಊಟ ಮುಗಿದು, ಬಾಡಿಗೆಗೆ ತಂದ ಕುರ್ಚಿ ಪಾತ್ರೆಗಳನ್ನು ಎಣಿಸಿ ಹಿಂದಿರುಗಿಸಿ, ದೂರದ ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ, ಉಡುಪಿ–ಮಂಗಳೂರು ಕಡೆಯ ಮನೆಗಳ ಜಗಲಿಯಲ್ಲಿ ಒಂದು ಮಾತುಕತೆ ನಡೆಯುತ್ತದೆ. ದುಬೈಯಿಂದ ಬಂದ ಮಗನಿಗೆ ಭಾನುವಾರದ ವಿಮಾನವಿರುತ್ತದೆ, ಬೆಂಗಳೂರಿನ ಮಗಳ ರಜೆ ಮುಗಿದಿರುತ್ತದೆ, ಮುಂಬಯಿಯವರು ಮತ್ಸ್ಯಗಂಧ ರೈಲಿಗೆ ಟಿಕೇಟು ಮಾಡಿಸಿ ಆಗಿರುತ್ತದೆ. ಅಷ್ಟರೊಳಗೆ ತೀರ್ಮಾನವಾಗಬೇಕಾದ ವಿಷಯ ಒಂದೇ: ಇನ್ನು ಅಮ್ಮ ಎಲ್ಲಿರುವುದು? ಅಮ್ಮನೇ ಮೊದಲು ಹೋಗಿದ್ದರೆ, ಒಂದು ಲೋಟ ಚಹಾ ಮಾಡಿಕೊಳ್ಳಲೂ ಬಾರದ ಅಪ್ಪ ಎಲ್ಲಿರುವುದು? ಮಾತುಕತೆ ನಡೆಯುವಾಗ ಸಂಬಂಧಪಟ್ಟವರು ಸಾಮಾನ್ಯವಾಗಿ ಅಡುಗೆ ಮನೆಯಲ್ಲಿಯೋ ಹಿತ್ತಿಲಲ್ಲಿಯೋ ಇರುತ್ತಾರೆ. ಅವರನ್ನು ಕರೆದು ಕೇಳುವ ಕ್ರಮ ನಮ್ಮಲ್ಲಿ ಕಡಿಮೆ.

ಆ ಜಗಲಿಯಲ್ಲಿ ಕುಳಿತವರಿಗೆ ಸಾಮಾನ್ಯವಾಗಿ ಹೊಳೆಯುವ ದಾರಿಗಳನ್ನು ಇಲ್ಲಿ ಒಂದರ ಪಕ್ಕ ಒಂದಿಟ್ಟು ನೋಡಲಾಗಿದೆ: ದಿನಾ ಫೋನು ಮಾಡುವುದು, ಮನೆಗೆ ಕ್ಯಾಮೆರಾ ಹಾಕಿಸುವುದು, ಹೋಂ ನರ್ಸ್ ಇಡುವುದು, ಭಜನೆ–ಸಂಘಗಳಿಗೆ ಕಳುಹಿಸುವುದು, ಮಕ್ಕಳ ಮನೆಗೆ ಕರೆದೊಯ್ಯುವುದು, ವೃದ್ಧಾಶ್ರಮಕ್ಕೆ ಸೇರಿಸುವುದು. ಇವುಗಳನ್ನು ಹೋಲಿಸುವಾಗ ನಾನು ಬಳಸುವ ಅಳತೆಗೋಲು ಒಂದೇ. ಈ ಏರ್ಪಾಡಿನಿಂದ ಕಡಿಮೆಯಾಗುವುದು ಮಕ್ಕಳ ಮಂಡೆಬೆಚ್ಚವೋ (ಚಿಂತೆಯೋ), ಹಿರಿಯರ ಒಂಟಿತನವೋ? ಎರಡೂ ನ್ಯಾಯವಾದ ಅಗತ್ಯಗಳೇ. ಆದರೆ ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ತಾಗುವುದಿಲ್ಲ, ಮತ್ತು ಖರ್ಚು ಹೆಚ್ಚಿರುವ ಏರ್ಪಾಡುಗಳಲ್ಲಿ ಹಲವು ಮೊದಲನೆಯದಕ್ಕೆ ಮಾತ್ರ ತಾಗುವಂಥವು.

ಮೊದಲು, ಏನು ಕಳೆದುಹೋಗಿದೆ ಎಂಬುದು

ಒಬ್ಬರೇ ಇರುವುದು, ಒಂಟಿತನ ಮತ್ತು ಖಿನ್ನತೆ ಈ ಮೂರೂ ಬೇರೆಬೇರೆ ಸಂಗತಿಗಳು. ಅಡಿಕೆ ತೋಟದ ನಡುವಿನ ಮನೆಯಲ್ಲಿ ಇಪ್ಪತ್ತು ವರ್ಷ ಒಬ್ಬರೇ ಇದ್ದು ಗಟ್ಟಿಯಾಗಿರುವವರಿದ್ದಾರೆ. ಮಗ, ಸೊಸೆ, ಮೊಮ್ಮಕ್ಕಳಿಂದ ತುಂಬಿದ ಫ್ಲ್ಯಾಟಿನಲ್ಲಿ ದಿನವಿಡೀ ಯಾರೊಡನೆಯೂ ನಾಲ್ಕು ಮಾತು ಆಡದೆ ಉಳಿಯುವವರೂ ಇದ್ದಾರೆ. ಬಯಸಿದಷ್ಟು ಮತ್ತು ಬಯಸಿದಂಥ ಒಡನಾಟ ಸಿಗದಿರುವಾಗ ಹುಟ್ಟುವ ನೋವು ಒಂಟಿತನ. ಅದು ಬಹುಕಾಲ ಉಳಿದರೆ ಖಿನ್ನತೆಗೆ ದಾರಿಯಾಗಬಹುದು, ಖಿನ್ನತೆ ಬಂದವರು ತಾವಾಗಿಯೇ ಜನರಿಂದ ಹಿಂದೆ ಸರಿದು ಇನ್ನಷ್ಟು ಒಂಟಿಯಾಗಬಹುದು. ಆದರೂ ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಬರೇ ಜೊತೆ ಸಾಲದು.

ಈ ಕಾಯಿಲೆ ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ಹಿರಿಯರ ಸ್ಥಿತಿಗತಿಯ ಬಗ್ಗೆ 2017–18ರಲ್ಲಿ ದೇಶದಾದ್ಯಂತ ನಡೆದ ದೊಡ್ಡ ಸಮೀಕ್ಷೆಯಲ್ಲಿ, ಲಕ್ಷಣಗಳನ್ನು ಕೇಳಿ ಅಳೆದಾಗ 60 ದಾಟಿದವರಲ್ಲಿ ಶೇಕಡಾ 8.3ರಷ್ಟು ಮಂದಿಗೆ ತೀವ್ರ ಖಿನ್ನತೆ ಇರಬಹುದೆಂದು ಕಂಡುಬಂದಿತು. ವೈದ್ಯರು ಖಿನ್ನತೆ ಎಂದು ಹೇಳಿದ್ದಾರೆ ಎಂದವರು ಶೇಕಡಾ ಒಂದಕ್ಕಿಂತಲೂ ಕಡಿಮೆ. ಉಳಿದವರದು ಎದೆ ಉರಿ, ಮಂಡಿ ನೋವು, ತಲೆ ಭಾರ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಎಂಬ ದೂರುಗಳ ರೂಪದಲ್ಲಿ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಸುತ್ತುತ್ತದೆ. ನಮ್ಮ ಕರಾವಳಿಯ ಮಾತಿನಲ್ಲಿ ಇನ್ನೊಂದು ಮರೆಯೂ ಇದೆ. "ಎಲ್ಲಿಗೂ ಹೋಗ್ಲಿಕ್ಕೆ ಉದಾಸೀನ ಆಗ್ತದೆ" ಎಂದು ಹಿರಿಯರು ಹೇಳಿದರೆ ನಾವು ಅದನ್ನು ಸೋಮಾರಿತನವೆಂದೋ ವಯಸ್ಸಿನ ಗುಣವೆಂದೋ ತಿಳಿಯುತ್ತೇವೆ. ಹಿಂದೆ ದೇವಸ್ಥಾನದ ಆಯನಕ್ಕೆ, ದೈವದ ನೇಮಕ್ಕೆ, ಇಗರ್ಜಿಯ ಪೂಜೆಗೆ ಎಲ್ಲರಿಗಿಂತ ಮೊದಲೇ ಹೊರಟು ನಿಲ್ಲುತ್ತಿದ್ದವರ ಬಾಯಿಯಲ್ಲಿ ಎರಡು ವಾರಕ್ಕೂ ಮಿಕ್ಕಿ ಈ ಮಾತೇ ಕೇಳಿಬಂದರೆ, ಅದನ್ನು ಲಕ್ಷಣವೆಂದೇ ಎಣಿಸಬೇಕು.

ಯಾವ ಏರ್ಪಾಡಿಗೂ ಹಣ ಹಾಕುವ ಮೊದಲು ಒಂದು ವೈದ್ಯಕೀಯ ತಪಾಸಣೆ ಆಗಲಿ. ಒಬ್ಬರಿಗೋಸ್ಕರ ಏನು ಅಡುಗೆ ಎಂದು ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿಯಲ್ಲೇ ತಿಂಗಳುಗಟ್ಟಲೆ ದಿನ ಕಳೆಯುವವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ ಮತ್ತು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಬಿ12 ಜೀವಸತ್ವದ ಕೊರತೆಯಾಗುವುದುಂಟು. ಥೈರಾಯ್ಡ್ ಕುಂದುವುದೂ ಉಂಟು. ಎರಡೂ ಖಿನ್ನತೆಯಂತೆಯೇ ಕಾಣಿಸಿಕೊಳ್ಳುತ್ತವೆ, ಎರಡೂ ರಕ್ತಪರೀಕ್ಷೆಯಲ್ಲಿ ತಿಳಿಯುತ್ತವೆ. ಕಿವಿಯ ವಿಷಯ ಇನ್ನೂ ಮುಖ್ಯ. ಕೇಳಿಸದವರು ನಾಲ್ಕು ಜನ ಸೇರಿದ ಕಡೆ ತಪ್ಪು ಉತ್ತರ ಕೊಟ್ಟು ನಗೆಗೀಡಾಗುವುದಕ್ಕಿಂತ ಮನೆಯಲ್ಲಿ ಕುಳಿತುಕೊಳ್ಳುವುದೇ ವಾಸಿ ಎಂದುಕೊಳ್ಳುತ್ತಾರೆ, ಆಗ ಭಜನೆಯೂ ಫೋನೂ ಸಂಘವೂ ಒಟ್ಟಿಗೇ ವ್ಯರ್ಥವಾಗುತ್ತವೆ. ಮರೆವಿನ ಕಾಯಿಲೆಯ ಬಗ್ಗೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಪಟ್ಟಿ ಮಾಡಿದ, ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಕಿವುಡು, ಖಿನ್ನತೆ, ಜನಸಂಪರ್ಕವಿಲ್ಲದಿರುವುದು ಮೂರೂ ಸೇರಿವೆ. ಕ್ಯಾಮೆರಾಕ್ಕೆ ಹಾಕುವ ಹಣದಲ್ಲಿ ಮೊದಲು ಕಿವಿ ತೋರಿಸಿ ಎನ್ನುವುದು ನನ್ನ ಸಲಹೆ.

ಫೋನು, ಕ್ಯಾಮೆರಾ ಮತ್ತು ಬಾಗಿಲಿಗೆ ಬರುವ ಮನುಷ್ಯ

ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿದ್ದರೆ ಗೊತ್ತಾಗುತ್ತದೆ, ಕಳ್ಳರ ಹೆದರಿಕೆ ಕಡಿಮೆಯಾಗುತ್ತದೆ, ಮಸ್ಕತ್ತಿನಲ್ಲಿ ಕುಳಿತ ಮಗನಿಗೆ ನಿದ್ದೆ ಬರುತ್ತದೆ. ನೋಡಲ್ಪಡುವವರಿಗೆ ಅದರಿಂದ ಸಿಗುವ ಒಡನಾಟ ಸೊನ್ನೆ. ಕೆಲವರಿಗಂತೂ ತಮ್ಮ ಚಾವಡಿಯಲ್ಲೇ ಸೆರಗು ಸರಿಮಾಡಿಕೊಂಡು ಕುಳಿತುಕೊಳ್ಳಬೇಕಾದ ಪೇಚು. ಹಾಕಿಸುವುದಾದರೆ ಅಂಗಳಕ್ಕೂ ಗೇಟಿಗೂ ಹಾಕಿಸಿ, ಕೇಳಿ ಹಾಕಿಸಿ.

ಫೋನು ಹಾಗಲ್ಲ. ಅದು ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಮಾಡುವ ರೀತಿಯನ್ನು ಅವಲಂಬಿಸಿ. ಅಮೆರಿಕದ ಟೆಕ್ಸಸ್‌ನಲ್ಲಿ, ಮನೆಗೆ ಊಟ ತಂದುಕೊಡುವ ಸೇವೆಯ ಫಲಾನುಭವಿಗಳಾದ 240 ಮಂದಿಯ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು 65 ದಾಟಿದವರು. ಫೋನು ಮಾಡಿದವರು ಮನೋವೈದ್ಯರಲ್ಲ, ಸ್ವಲ್ಪ ತರಬೇತಿ ಪಡೆದ 17ರಿಂದ 23 ವರ್ಷದ ಹುಡುಗ ಹುಡುಗಿಯರು. ಮೊದಲ ಐದು ದಿನ ದಿನಾಲೂ ಕರೆ, ಅನಂತರ ವಾರಕ್ಕೆ ಎಷ್ಟು ಸಲ ಬೇಕೆಂಬುದು ಕರೆ ಪಡೆಯುವವರ ಆಯ್ಕೆ, ಮಾತಿನ ವಿಷಯವೂ ಅವರದೇ. ನಾಲ್ಕು ವಾರಗಳಲ್ಲಿ, ಕರೆ ಬಾರದಿದ್ದವರಿಗಿಂತ ಇವರಲ್ಲಿ ಒಂಟಿತನ, ಖಿನ್ನತೆಯ ಲಕ್ಷಣ, ಆತಂಕ ಮೂರೂ ಇಳಿದವು.

ಇದನ್ನು ನಮ್ಮ ಮನೆಗಳ ಫೋನಿನ ಜೊತೆ ಇಟ್ಟು ನೋಡಿ. ನಮ್ಮಲ್ಲಿ ಕರೆ ಬರುವುದು ಮಕ್ಕಳಿಗೆ ಬಿಡುವಾದಾಗ. ಕೇಳುವ ಪ್ರಶ್ನೆಗಳು ನಾಲ್ಕು: ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಮಳೆ ಉಂಟಾ, ಕೆಲಸದವಳು ಬಂದಿದ್ದಾಳಾ. ನಾಲ್ಕಕ್ಕೂ "ಹಾಂ" ಎಂದರೆ ಕರೆ ಮುಗಿಯಿತು. ಇದು ಹಾಜರಿ ಕರೆಯುವುದು, ಮಾತುಕತೆಯಲ್ಲ. ಫೋನನ್ನೇ ಆರಿಸಿಕೊಳ್ಳುವುದಾದರೆ ಹೊತ್ತು ಗೊತ್ತುಮಾಡಿ, ಮತ್ತು ಅದು ಹಿರಿಯರ ಹೊತ್ತಾಗಿರಲಿ. ಹೆಚ್ಚಿನವರಿಗೆ ಕಷ್ಟದ ಗಳಿಗೆ ಬೆಳಗಿನದಲ್ಲ, ದೀಪ ಹಚ್ಚಿದ ಮೇಲಿನದು, ಸಂಜೆ ಆರೂವರೆಯಿಂದ ಎಂಟರವರೆಗೆ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ಇರುವುದರಿಂದ ಅಲ್ಲಿನವರಿಗೆ ಅದು ಆಫೀಸು ಬಿಡುವ ಸಮಯ, ಮನಸ್ಸು ಮಾಡಿದರೆ ಹೊಂದಿಸಬಹುದು. ಅಮೆರಿಕದಲ್ಲಿರುವವರಿಗೆ ಅದು ಬೆಳಗಿನ ಹೊತ್ತು. ಎರಡನೆಯದಾಗಿ, ವರದಿ ಕೇಳುವುದರ ಬದಲು ಸಲಹೆ ಕೇಳಿ. ಮಾವಿನ ಮಿಡಿಗೆ ಉಪ್ಪು ಎಷ್ಟು, ಕೋರ್ಟಿನಲ್ಲಿದ್ದ ಆ ಜಾಗದ ಗಡಿ ಎಲ್ಲಿತ್ತು, ಮಗುವಿಗೆ ಶೀತವಾದರೆ ಯಾವ ಕಷಾಯ ಎಂದು ಕೇಳಿದಾಗ ಬರುವ ಉತ್ತರ "ಹಾಂ"ನಲ್ಲಿ ಮುಗಿಯುವುದಿಲ್ಲ.

ಆದರೂ ಫೋನು ಮತ್ತು ಬಾಗಿಲಿಗೆ ಬರುವ ಮನುಷ್ಯ ಇವೆರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಮನುಷ್ಯನನ್ನೇ ಆರಿಸುತ್ತೇನೆ. ಘಟ್ಟದ ಮೇಲಿನ ಊರುಗಳಲ್ಲಿ ಮನೆಗಳು ಒತ್ತೊತ್ತಾಗಿ ಸಾಲಾಗಿರುತ್ತವೆ, ಕಟ್ಟೆಯ ಮೇಲೆ ಕುಳಿತರೆ ಹತ್ತು ಜನ ಕಾಣಸಿಗುತ್ತಾರೆ. ನಮ್ಮಲ್ಲಿ ಪ್ರತಿ ಮನೆಯೂ ತನ್ನ ಗದ್ದೆ, ತೋಟ, ಗುಡ್ಡೆಯ ನಡುವೆ ಬೇರೆಯಾಗಿ ನಿಂತಿದೆ. ಈಗ ಅದಕ್ಕೆ ಕಂಪೌಂಡು ಗೋಡೆಯೂ ಬಂದಿದೆ. ಹಾಗಾಗಿ ಇಲ್ಲಿ ದಿನಕ್ಕೊಮ್ಮೆ ಬಾಗಿಲಿಗೆ ಬರುವವರು, ಅಂದರೆ ಪೇಪರಿನ ಹುಡುಗ, ಬುಟ್ಟಿ ಹೊತ್ತು ಬರುವ ಮೀನಿನವಳು, ಪಿಗ್ಮಿ ಸಂಗ್ರಹಿಸುವವರು, ಬಹಳ ಬೆಲೆಯುಳ್ಳವರು. ಪಿಗ್ಮಿ ಠೇವಣಿ 1928ರಲ್ಲಿ ಇಲ್ಲಿನದೇ ಬ್ಯಾಂಕೊಂದು ಹಾಕಿಕೊಟ್ಟ ಪದ್ಧತಿ. ದಿನಕ್ಕೆ ಪುಡಿಗಾಸು ಕೂಡಿಡುವುದಕ್ಕೆಂದು ಅದು ಶುರುವಾಯಿತು. ಆದರೆ ನನ್ನ ಪರಿಚಯದ ಒಬ್ಬ ಅಜ್ಜಿ ಇಂದಿಗೂ ಅದನ್ನು ನಿಲ್ಲಿಸದಿರುವುದು ಬಡ್ಡಿಗಾಗಿ ಅಲ್ಲ, ಹಣ ತೆಗೆದುಕೊಳ್ಳಲು ಬರುವವರು ಎರಡು ನಿಮಿಷ ನಿಂತು ಊರಿನ ಸುದ್ದಿ ಹೇಳಿ ಹೋಗುತ್ತಾರೆಂದು. ಮಕ್ಕಳು ಬಂದಾಗ ಅನುಕೂಲಕ್ಕೆಂದು ಎಲ್ಲವನ್ನೂ ಆನ್‌ಲೈನ್ ಮಾಡಿಕೊಟ್ಟು ಹೋಗುತ್ತಾರೆ: ಕರೆಂಟು ಬಿಲ್ಲು, ದಿನಸಿ, ಔಷಧಿ. ಒಂದೊಂದು ಅನುಕೂಲದ ಜೊತೆಗೂ ಒಬ್ಬೊಬ್ಬ ಮನುಷ್ಯ ಗೇಟಿನಿಂದಾಚೆಗೆ ಹೋಗುತ್ತಾನೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೋಂ ನರ್ಸ್ ಇಡುವುದು

ಹಾಸಿಗೆ ಹಿಡಿದವರಿಗೆ, ಎದ್ದು ಓಡಾಡುವಾಗ ಬೀಳುವ ಭಯವಿರುವವರಿಗೆ, ಇನ್ಸುಲಿನ್ ಕೊಡಬೇಕಾದವರಿಗೆ ಇದಕ್ಕೆ ಬದಲಿ ಇಲ್ಲ. ಕೈಕಾಲು ಗಟ್ಟಿಯಿದ್ದೂ ಮನಸ್ಸು ಕುಗ್ಗಿದವರಿಗೆ ಮಾತ್ರ ಇದು ತಪ್ಪು ಆಯ್ಕೆಯಾಗುವ ಸಾಧ್ಯತೆ ಹೆಚ್ಚು. ನಮ್ಮ ಬಂಧುಗಳ ಮನೆಗೆ ಏಜೆನ್ಸಿಯೊಂದರಿಂದ ಬಂದ ಹುಡುಗಿ ಒಳ್ಳೆಯವಳೇ. ಆದರೆ ಅವಳಿಗೆ ತುಳು ಬಾರದು, ಮನೆಯ ಮಾವನಿಗೆ ತುಳು ಬಿಟ್ಟರೆ ಬೇರೆ ಮಾತಿನಲ್ಲಿ ಮನಸ್ಸು ಬಿಚ್ಚಲು ಬಾರದು. ಆರು ತಿಂಗಳಲ್ಲಿ ಏಜೆನ್ಸಿಯವರು ಮೂವರನ್ನು ಬದಲಾಯಿಸಿದರು. ಬಂದ ಪ್ರತಿಯೊಬ್ಬಳೂ ಮಾವನ ಕೈಯಿಂದ ಒಂದೊಂದು ಕೆಲಸವನ್ನು ಗೌರವದಿಂದಲೇ ಕಸಿದುಕೊಂಡಳು: ತುಳಸಿಗೆ ನೀರು ಹಾಕುವುದು, ಬಾವಿಯ ಪಂಪು ಹಾಕುವುದು, ಕಾಯಿ ತುರಿಯುವುದು. ಕೊನೆಗೆ ಅವರಿಗೆ ಉಳಿದದ್ದು ಟಿವಿ. ಹೋಂ ನರ್ಸ್ ಅನಿವಾರ್ಯವಾದರೆ ಮನೆಮಾತು ಬರುವವರನ್ನೇ ಕೇಳಿ, ಮತ್ತು ಹಿರಿಯರು ತಾವೇ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಮೊದಲ ದಿನವೇ ಬರೆದು ಅಡುಗೆ ಮನೆಯಲ್ಲಿ ಅಂಟಿಸಿ. ಹಗಲು ಮಾತ್ರ ಬಂದು ಹೋಗುವ, ಊರಿನವರೇ ಆದ ಸಹಾಯಕಿ ಸಿಕ್ಕಿದರೆ, ಅವಳು ಸುದ್ದಿಯನ್ನೂ ಹೊತ್ತು ತರುವುದರಿಂದ, ಹಲವು ಸಲ ಅದೇ ಮೇಲು.

ಗೇಟಿನಿಂದ ಹೊರಗೆ ಹೋಗುವ ದಾರಿಗಳು

ಭಜನಾ ಮಂದಿರ, ಹಿರಿಯ ನಾಗರಿಕರ ಸಂಘ, ನಿವೃತ್ತ ನೌಕರರ ಕೂಟ, ಚರ್ಚಿನ ವಾರ್ಡಿನ ಪ್ರಾರ್ಥನೆ, ಮಸೀದಿಯ ಜಮಾತು, ತಾಳಮದ್ದಳೆಯ ಬಳಗ, ಕದ್ರಿ ಪಾರ್ಕು ಅಥವಾ ಅಜ್ಜರಕಾಡಿನ ಭುಜಂಗ ಪಾರ್ಕಿನಲ್ಲಿ ಸಂಜೆ ಸೇರುವ ಗುಂಪು, ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಖರ್ಚು ಅತಿ ಕಡಿಮೆ, ಪ್ರಯೋಜನ ಅತಿ ಹೆಚ್ಚು ಎಂಬುದು ಮೇಲ್ನೋಟದ ಮಾತು. ಕಷ್ಟ ಇರುವುದು ಹೋಗಿ ಬರುವುದರಲ್ಲಿ. 2023ರ ಜೂನ್ 11ರಿಂದ ರಾಜ್ಯದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಗಿದೆಯಾದರೂ, ನಮ್ಮ ಎರಡು ಜಿಲ್ಲೆಗಳ ಊರಿನೊಳಗಿನ ಓಡಾಟ ಹೆಚ್ಚಾಗಿ ಖಾಸಗಿ ಬಸ್ಸುಗಳದ್ದು, ಆದ್ದರಿಂದ ಘಟ್ಟದ ಮೇಲಿನ ಅಜ್ಜಿಗೆ ದೊರೆತಷ್ಟು ಉಪಕಾರ ಇಲ್ಲಿನ ಅಜ್ಜಿಗೆ ದೊರೆತಿಲ್ಲ. ಜೊತೆಗೆ, ಕಂಡಕ್ಟರು "ಬೇಗ ಬೇಗ" ಎನ್ನುವಾಗ ಎತ್ತರದ ಮೆಟ್ಟಿಲು ಹತ್ತುವುದು ಮಂಡಿ ನೋವಿನವರ ಕೆಲಸವಲ್ಲ. ಸಂಘಕ್ಕೆ ಸೇರಿಸುವುದೆಂದರೆ ಸದಸ್ಯತ್ವದ ಹಣ ಕಟ್ಟುವುದಲ್ಲ. ವಾರಕ್ಕೆ ಎರಡು ದಿನ ಬಂದು ಕರೆದೊಯ್ದು ಬಿಡುವ, ಗುರುತಿನ ಒಬ್ಬ ರಿಕ್ಷಾದವರನ್ನು ಗೊತ್ತುಮಾಡಿ ತಿಂಗಳಿಗೊಮ್ಮೆ ಲೆಕ್ಕ ಚುಕ್ತಾ ಮಾಡುವುದು. ದೂರದ ಮಕ್ಕಳು ಕಳುಹಿಸುವ ಹಣಕ್ಕೆ ಇದಕ್ಕಿಂತ ಒಳ್ಳೆಯ ವಿನಿಯೋಗ ನನಗೆ ಕಂಡಿಲ್ಲ.

ಯಾವ ಗುಂಪು ಎಂಬುದೂ ಮುಖ್ಯ. ಬ್ಯಾಂಕುಗಳ ತವರಾದ ಈ ನಾಡಿನಲ್ಲಿ ನಿವೃತ್ತ ಬ್ಯಾಂಕ್ ನೌಕರರು ಎಷ್ಟೋ ಮಂದಿ. ವಿಜಯ, ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ವಿಲೀನವಾದ ಮೇಲೆ ಅವರಿಗೆ ತಾವು ದುಡಿದ ಮನೆಯ ಹೆಸರೂ ಇಲ್ಲವಾಯಿತು. ಅಂಥವರಿಗೆ ಹಳೆಯ ಸಹೋದ್ಯೋಗಿಗಳ ಕೂಟ ಕೊಡುವ ಸಮಾಧಾನವನ್ನು ಯೋಗ ತರಗತಿ ಕೊಡಲಾರದು. ಇನ್ನು ಗಂಡನನ್ನು ಕಳೆದುಕೊಂಡ ಹೆಂಗಸರಲ್ಲಿ ಹಲವರು, ಮಂಗಳ ಕಾರ್ಯಗಳಲ್ಲಿ ತಮ್ಮನ್ನು ಹಿಂದೆ ನಿಲ್ಲಿಸುತ್ತಾರೆಂಬ ಅಂಜಿಕೆಯಿಂದ ತಾವಾಗಿಯೇ ಹೊರಗೆ ಹೋಗುವುದನ್ನು ಬಿಡುತ್ತಾರೆ; ಈ ಕಟ್ಟಳೆಯನ್ನು ಮುರಿಯಬೇಕಾದವರು ಅವರಲ್ಲ, ಆಮಂತ್ರಣ ಕೊಡುವ ನಾವು.

ಜನರ ನಡುವೆ ತಂದು ಬಿಟ್ಟರೆ ಸಾಕು, ಒಂಟಿತನ ಹೋಗುತ್ತದೆ ಎಂಬ ನಂಬಿಕೆಗೂ ಮಿತಿಯಿದೆ. ಒಂಟಿತನ ಕಡಿಮೆ ಮಾಡಲು ಆವರೆಗೆ ನಡೆದಿದ್ದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ ಶಿಕಾಗೋದ ಸಂಶೋಧಕರು 2011ರಲ್ಲಿ ಕಂಡುಕೊಂಡಂತೆ, ಬರೇ ಭೇಟಿಯ ಅವಕಾಶ ಹೆಚ್ಚಿಸುವುದಕ್ಕಿಂತ, "ನಾನು ಹೋದರೆ ಅವರಿಗೆ ಭಾರ", "ನನ್ನ ಮಾತು ಯಾರಿಗೆ ಬೇಕು" ಎಂಬಂಥ ಒಳಗಿನ ಎಣಿಕೆಗಳನ್ನು ಸಡಿಲಿಸುವ ಪ್ರಯತ್ನಗಳೇ ಹೆಚ್ಚು ಫಲ ಕೊಟ್ಟಿದ್ದವು. ಆ ಎಣಿಕೆಯನ್ನು ವಾದ ಮಾಡಿ ಸಡಿಲಿಸುವುದು ಆಪ್ತಸಮಾಲೋಚಕರ ಕೆಲಸ. ಮನೆಯವರ ಕೈಯಲ್ಲಿರುವ ಉಪಾಯ ಬೇರೆ: ಹಿರಿಯರು ಹೋಗದಿದ್ದರೆ ನಿಂತುಹೋಗುವಂಥ ಒಂದು ಕೆಲಸವನ್ನು ಅವರಿಗೆ ಉಳಿಸಿಕೊಡುವುದು.

ಇದು ನಮಗೆ ತಿಳಿದದ್ದು ತಪ್ಪು ಮಾಡಿದ ಮೇಲೆ. ದೊಡ್ಡಪ್ಪ ತೀರಿಕೊಂಡ ವರ್ಷ, ದೊಡ್ಡಮ್ಮನಿಗೆ ಇನ್ನಾದರೂ ವಿಶ್ರಾಂತಿ ಸಿಗಲೆಂದು ಅವರ ಮಕ್ಕಳು ಹಟ್ಟಿಯಲ್ಲಿದ್ದ ಎರಡು ದನಗಳನ್ನು ಮಾರಿದರು. ಅದಕ್ಕೆ ನಾವೆಲ್ಲ ಹೌದೆಂದಿದ್ದೆವು. ದನದ ಜೊತೆಗೆ ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ನಾಲ್ಕೂವರೆಗೊಮ್ಮೆ ಹಾಲಿನ ಕ್ಯಾನು ಹಿಡಿದು ಡೇರಿಗೆ ನಡೆಯುವುದೂ, ಸಾಲಿನಲ್ಲಿ ನಿಂತು ಫ್ಯಾಟು ಎಷ್ಟು ಬಂತೆಂದು ಜಗಳವಾಡುವುದೂ, ದಾರಿಯ ಏಳೆಂಟು ಮನೆಗಳ ಸಮಾಚಾರವೂ ಒಟ್ಟಿಗೇ ಹೋದವು ಎಂಬುದು ನಮ್ಮ ತಲೆಗೆ ಹೋಗಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವರು ಜಡೆ ಬಾಚಿಕೊಳ್ಳುವುದನ್ನೂ ಬಿಟ್ಟಿದ್ದರು. ಮರಳಿ ದನ ಕಟ್ಟುವ ವಯಸ್ಸು ಅವರದಾಗಿರಲಿಲ್ಲ. ಮದ್ದಿನ ಜೊತೆಗೆ ಅವರನ್ನು ಎಬ್ಬಿಸಿದ್ದು ನೆರೆಮನೆಯವರ ಮಲ್ಲಿಗೆ ಗಿಡಗಳು. ಮೊಗ್ಗು ಬಿಡಿಸಿ, ಬಾಳೆಯ ನಾರಿನಲ್ಲಿ ಕಟ್ಟಿ, ಹೂವಿನವರು ಬರುವುದರೊಳಗೆ ಚೆಂಡು ಮಾಡಿ ಇಡಬೇಕು. ಹೊತ್ತು ಮೀರಿದರೆ ಹೂವಿಗೆ ಬೆಲೆಯಿಲ್ಲ. "ದೊಡ್ಡಮ್ಮ, ನೀವು ಬಾರದಿದ್ದರೆ ಇವತ್ತಿನ ಹೂ ಹಾಳು" ಎಂದು ನೆರೆಮನೆಯಾಕೆ ಅಂಗಳದಲ್ಲಿ ನಿಂತು ಕರೆದರೆ, ಉದಾಸೀನಕ್ಕೆ ಅಲ್ಲಿ ಜಾಗವಿರುತ್ತಿರಲಿಲ್ಲ. ಪಾರ್ಕಿಗೆ ಹೋಗದಿದ್ದರೆ ಕೇಳುವವರಿಲ್ಲ. ಹೂ ಕಟ್ಟಲು ಹೋಗದಿದ್ದರೆ ಕೇಳುತ್ತಾರೆ. ಈ ಗುಂಪಿನ ಆಯ್ಕೆಗಳನ್ನು ಹೋಲಿಸುವಾಗ ನಾನು ನೋಡುವುದು ಈ ವ್ಯತ್ಯಾಸವನ್ನೇ. ಭಜನೆಯಲ್ಲಿ ಕೇಳುಗರಾಗಿ ಕೂರುವುದಕ್ಕಿಂತ ತಾಳ ಹಿಡಿಯುವುದು ಮೇಲು, ಸಂಘದಲ್ಲಿ ಸನ್ಮಾನ ಮಾಡಿಸಿಕೊಳ್ಳುವುದಕ್ಕಿಂತ ಲೆಕ್ಕ ಬರೆಯುವುದು ಮೇಲು.

ಹಗಲು ಆರೈಕೆ ಕೇಂದ್ರ ಹತ್ತಿರದಲ್ಲಿದ್ದರೆ, ಮಕ್ಕಳು ಇದೇ ಊರಿನಲ್ಲಿದ್ದು ಕೆಲಸಕ್ಕೆ ಹೋಗುವವರಾಗಿದ್ದರೆ, ಅದು ಒಳ್ಳೆಯದೇ. ಹಳ್ಳಿಯಲ್ಲಿರುವವರಿಗೆ ಅದರ ಪ್ರಶ್ನೆ ಬರುವುದು ಕಡಿಮೆ.

ಮಕ್ಕಳ ಮನೆ, ಸ್ವಂತ ಮನೆ, ವೃದ್ಧಾಶ್ರಮ

ಮಕ್ಕಳ ಮನೆಗೆ ಹೋಗುವುದೇ ಸಹಜ, ವೃದ್ಧಾಶ್ರಮವೆಂದರೆ ಮಾನ ಹೋದಂತೆ ಎಂಬ ಲೆಕ್ಕ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಗುಣದೋಷಗಳನ್ನು ನೋಡಿದರೆ ಅಷ್ಟು ಸರಳವಲ್ಲ. ಬೆಂಗಳೂರಿನ ಒಂಬತ್ತನೆಯ ಮಹಡಿಯ ಮನೆಯಲ್ಲಿ ರಾತ್ರಿಯ ಹೆದರಿಕೆ ಇಲ್ಲ, ಆಸ್ಪತ್ರೆ ಹತ್ತಿರ, ಮೊಮ್ಮಕ್ಕಳ ಮುಖ ಕಾಣುತ್ತದೆ. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಬೀಗ ಹಾಕಿದ ಬಾಗಿಲು, ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವವರಿಲ್ಲದ ಪಾರ್ಕು, ಸೊಸೆಯ ಅಡುಗೆ ಮನೆಯಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದ ಪರದಾಟ, ಇವು ಇನ್ನೊಂದು ತಟ್ಟೆಯಲ್ಲಿವೆ. ಎರಡು ಅಂಶಗಳನ್ನು ನೋಡಿ ತೀರ್ಮಾನಿಸಬಹುದು. ಆ ಮನೆಯಲ್ಲಿ ಹಗಲು ಯಾರಾದರೂ ಇರುತ್ತಾರೆಯೇ? ಹಿರಿಯರ ಭಾಷೆಯಲ್ಲಿ ಮಾತಾಡುವ ಒಬ್ಬರಾದರೂ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದಾರೆಯೇ? ಎರಡಕ್ಕೂ ಇಲ್ಲ ಎಂದಾದರೆ, ಊರಿನ ಒಂಟಿ ಮನೆಯಿಂದ ಪೇಟೆಯ ಒಂಟಿ ಕೋಣೆಗೆ ಸ್ಥಳಾಂತರವಾಯಿತೇ ಹೊರತು ಇನ್ನೇನೂ ಆಗಲಿಲ್ಲ. ಗಂಡನೋ ಹೆಂಡತಿಯೋ ಸತ್ತ ಮೊದಲ ಕೆಲವು ತಿಂಗಳಲ್ಲಿ ಮನೆಯನ್ನು ಮಾರುವುದಾಗಲಿ, ಬಾಡಿಗೆಗೆ ಕೊಡುವುದಾಗಲಿ ಬೇಡ. ಹಿಂದಿರುಗಿ ಬರಲು ದಾರಿಯಿದೆ ಎಂಬುದು ತಿಳಿದಿದ್ದರೆ ಹೋಗಿ ನೋಡುವ ಧೈರ್ಯ ಬರುತ್ತದೆ. ಮೂವರು ಮಕ್ಕಳಿದ್ದಾಗ ತಾಯಿಯನ್ನು ನಾಲ್ಕು ನಾಲ್ಕು ತಿಂಗಳಂತೆ ಹಂಚಿಕೊಳ್ಳುವ ಪದ್ಧತಿ ನ್ಯಾಯವಾಗಿ ಕಂಡರೂ, ಎಲ್ಲಿಯೂ ಬೇರೂರಲು ಬಿಡದಿರುವುದರಿಂದ ನಾನು ಅದನ್ನು ಕೊನೆಯ ಆಯ್ಕೆಯಾಗಿ ಇಡುತ್ತೇನೆ.

ವೃದ್ಧಾಶ್ರಮವನ್ನು ನೋಡಲು ಹೋದಾಗ ಹೆಂಚು, ಹಾಸಿಗೆ, ಊಟದ ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ. ಮಧ್ಯಾಹ್ನ ಮೂರೂವರೆಗೆ ಹೇಳದೆ ಹೋಗಿ ನೋಡಿ: ಜನ ಒಬ್ಬರ ಮುಖ ಒಬ್ಬರು ನೋಡಿ ಕುಳಿತಿದ್ದಾರೆಯೇ, ಅಥವಾ ಎಲ್ಲರೂ ಗೋಡೆಯ ಟಿವಿಯ ಕಡೆಗೆ ತಿರುಗಿದ್ದಾರೆಯೇ? ಅಡುಗೆಯಲ್ಲಿ, ಹೂದೋಟದಲ್ಲಿ ಕೈ ಹಾಕಲು ಅಲ್ಲಿನವರಿಗೆ ಅವಕಾಶವಿದೆಯೇ? ಹೊರಗೆ ಹೋಗಿ ಬರಲು ಬಿಡುತ್ತಾರೆಯೇ? ತಾವೇ ನೋಡಿ, ತಾವೇ ಒಪ್ಪಿ ಹೋದವರು ಅಲ್ಲಿ ಗೆಳೆತನ ಬೆಳೆಸಿಕೊಂಡು ಚೆನ್ನಾಗಿರುವುದನ್ನು ಕಂಡಿದ್ದೇನೆ. ಡಾಕ್ಟರಲ್ಲಿಗೆ ಹೋಗುವ ಎಂದು ಹೇಳಿ ಕರೆದೊಯ್ದು ಬಿಟ್ಟುಬಂದವರ ಸ್ಥಿತಿಯನ್ನೂ ಕಂಡಿದ್ದೇನೆ.

ವೈದ್ಯರ ಬಳಿಗೆ ಹೋಗಬೇಕಾದಾಗ

ಮೇಲಿನ ಏರ್ಪಾಡುಗಳಲ್ಲಿ ಯಾವುದೂ ಚಿಕಿತ್ಸೆಗೆ ಬದಲಿಯಲ್ಲ. ಎರಡು ವಾರ ಮೀರಿದ ಬೇಸರ, ತೂಕ ಇಳಿಯುವುದು, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಸ್ನಾನ ಬಟ್ಟೆಯ ಕಡೆಗೆ ಗಮನ ತಪ್ಪುವುದು, ತಾನು ಯಾರಿಗೂ ಬೇಡವೆಂಬ ಮಾತು ಇವು ಕಂಡರೆ ತಡಮಾಡಬಾರದು. ವೈದ್ಯರು ಹಿರಿಯರಿಗೆಂದೇ ರೂಪಿಸಿದ, ಹೌದು–ಅಲ್ಲ ಎಂದು ಉತ್ತರಿಸುವ 15 ಪ್ರಶ್ನೆಗಳ ಒಂದು ಪಟ್ಟಿಯನ್ನು ಬಳಸುವುದುಂಟು; ಅದರಲ್ಲಿ ನಿದ್ದೆ, ಹಸಿವು, ನೋವಿನ ಬಗ್ಗೆ ಪ್ರಶ್ನೆಗಳಿಲ್ಲ, ಏಕೆಂದರೆ ಅವು ವಯಸ್ಸಿನಿಂದಲೂ ಕೆಡುತ್ತವೆ. ಐದಕ್ಕಿಂತ ಹೆಚ್ಚು ಅಂಕ ಬಂದರೆ ಮುಂದಿನ ತಪಾಸಣೆ ಬೇಕು.

ಪೂರ್ಣ ಕಾಯಿಲೆಯಾಗುವ ಮೊದಲೇ ತಡೆಯಬಹುದೆಂಬುದಕ್ಕೆ ನಮ್ಮ ನೆರೆಯ ಗೋವಾದಿಂದಲೇ ಒಳ್ಳೆಯ ಆಧಾರವಿದೆ. ಅಲ್ಲಿ ಸಣ್ಣ ಪ್ರಮಾಣದ ಲಕ್ಷಣಗಳಿದ್ದ, 60 ದಾಟಿದ 181 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ಭೇಟಿ ಕೊಟ್ಟರು. ಅವರು ಮಾಡಿದ್ದು ನಾಲ್ಕು ಕೆಲಸ: ಎದುರಾದ ತೊಂದರೆಯನ್ನು ಬಿಡಿಸಿ ನೋಡಿ ಪರಿಹರಿಸಿಕೊಳ್ಳುವುದನ್ನು ಕಲಿಸುವುದು, ನಿದ್ದೆಯನ್ನು ಸರಿಪಡಿಸುವುದು, ಸಕ್ಕರೆ ಕಾಯಿಲೆಯಂಥವುಗಳ ಆರೈಕೆ ಹೇಳಿಕೊಡುವುದು, ಪಿಂಚಣಿ ಮೊದಲಾದ ಸೌಲಭ್ಯಗಳನ್ನು ದೊರಕಿಸಲು ನೆರವಾಗುವುದು. ಒಂದು ವರ್ಷದಲ್ಲಿ ಈ ಗುಂಪಿನಲ್ಲಿ ಖಿನ್ನತೆಗೆ ಒಳಗಾದವರು ಶೇಕಡಾ 4.4, ಇನ್ನೊಂದು ಗುಂಪಿನಲ್ಲಿ ಶೇಕಡಾ 14.4. 2019ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ಮುಖ್ಯವಾಗಿ ಕಾಣುವುದು, ಆ ನಾಲ್ಕೂ ಕೆಲಸಗಳಲ್ಲಿ ಒಂದೂ ದುಬಾರಿಯಾದದ್ದಲ್ಲ ಎಂಬ ಕಾರಣಕ್ಕೆ. ತೆಂಗಿನಕಾಯಿ ಕೀಳುವವರು ಸಿಗದಿರುವುದು, ಪಿಂಚಣಿಯ ಜೀವಂತ ಪ್ರಮಾಣಪತ್ರ ಕೊಡಲು ಹೋಗಬೇಕಾಗಿರುವುದು ಇಂಥ ಸಣ್ಣ ತೊಡಕುಗಳೇ ಒಬ್ಬರೇ ಇರುವವರ ಮನಸ್ಸಿನಲ್ಲಿ ರಾತ್ರಿ ಬೆಟ್ಟವಾಗುತ್ತವೆ.

ಎಲ್ಲಿಗೆ ಹೋಗುವುದು ಎಂಬುದಕ್ಕೆ ನಮ್ಮ ಜಿಲ್ಲೆಗಳಲ್ಲಿ ಕೊರತೆಯಿಲ್ಲ. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ, ಮಣಿಪಾಲ ಹಾಗೂ ಕಂಕನಾಡಿಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು, ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ ಇವೆ. ರಾಜ್ಯ ಸರಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡೂ ಇದೆ, ನಿಮ್ಮ ತಾಲೂಕಿನಲ್ಲಿ ವಿಚಾರಿಸಿ. "ನನಗೇನು ಮರ್ಲಾ (ಹುಚ್ಚಾ)?" ಎಂದು ಹಿರಿಯರು ಕೇಳಿದರೆ, ನಿದ್ದೆಗೆ ಮದ್ದು ಕೇಳಲು ಹೋಗುವ ಎಂದು ಕರೆದೊಯ್ಯಬಹುದು, ಅದು ಸುಳ್ಳೂ ಅಲ್ಲ. ಖಿನ್ನತೆಯ ಮಾತ್ರೆಗಳು ಗುಣ ತೋರಲು ನಾಲ್ಕಾರು ವಾರ ಬೇಕು, ಹತ್ತು ದಿನಕ್ಕೆ ನಿಲ್ಲಿಸಬಾರದು. ವಯಸ್ಸಾದವರಲ್ಲಿ ಕೆಲವು ಮಾತ್ರೆಗಳಿಂದ ರಕ್ತದ ಸೋಡಿಯಂ ಇಳಿಯುವುದುಂಟು, ಮೂತ್ರ ಹೋಗುವ ಬಿಪಿ ಮಾತ್ರೆ ನುಂಗುವವರಲ್ಲಿ ಇನ್ನೂ ಹೆಚ್ಚು. ಶುರುಮಾಡಿದ ಬಳಿಕ ಮಂಕು ಕವಿದರೆ ಕೂಡಲೇ ಪರೀಕ್ಷೆ ಮಾಡಿಸಿ. ಮೆಡಿಕಲ್ ಅಂಗಡಿಯಿಂದ ಹಳೆಯ ಚೀಟಿ ತೋರಿಸಿ ತರುವ ಆಲ್‌ಪ್ರಜೋಲಾಂನಂಥ ನಿದ್ದೆ ಮಾತ್ರೆ ಚಟವಾಗುತ್ತದೆ, ರಾತ್ರಿ ಶೌಚಕ್ಕೆ ಎದ್ದಾಗ ಬೀಳಿಸುತ್ತದೆ.

"ದೇವರು ಯಾಕೆ ಇನ್ನೂ ಕರೆಸಿಕೊಳ್ಳಲಿಲ್ಲವೋ" ಎಂಬುದು ನಮ್ಮ ಹಿರಿಯರ ಬಾಯಿಮಾತು ಹೌದು. ಆದರೂ ಹಾಗೆಂದಾಗ ಬದುಕು ಮುಗಿಸಿಕೊಳ್ಳುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ತೋಟದ ಮನೆಗಳಲ್ಲಿ ಕೀಟನಾಶಕ, ಕಳೆನಾಶಕಗಳ ಡಬ್ಬಿಗಳನ್ನು ಬೇರೆಯವರ ಮನೆಗೆ ಸಾಗಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಹಿರಿಯರ ಸಹಾಯವಾಣಿ 14567 ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ; ಪಿಂಚಣಿ, ಆಸ್ತಿ, ಮನೆಯವರ ಕಿರುಕುಳದಂಥ ವಿಷಯಗಳಿಗೆ ಅದು.

ಆರಿಸಿಕೊಂಡ ಏರ್ಪಾಡು ಒಗ್ಗಿತೇ ಎಂದು ಪರೀಕ್ಷಿಸುವ ಕಾಲದ ಬಗ್ಗೆ ಒಂದು ಮಾತು. ಮಕ್ಕಳು ಊರಿಗೆ ಬರುವುದು ಡಿಸೆಂಬರಿನಲ್ಲಿ ಅಥವಾ ಮೇ ತಿಂಗಳಲ್ಲಿ; ಆಗ ಮದುವೆ, ಕೋಲ, ಯಕ್ಷಗಾನ, ತುಂಬಿದ ಮನೆ, ಅಮ್ಮ ಚೆನ್ನಾಗಿಯೇ ಕಾಣುತ್ತಾರೆ. ನಿಜ ತಿಳಿಯುವುದು ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಶುಭಕಾರ್ಯಗಳಿಲ್ಲದೆ, ವಾರಗಟ್ಟಲೆ ಬಿಸಿಲಿಲ್ಲದೆ, ಕರೆಂಟು ಹೋಗಿ, ಅಂಗಳ ಪಾಚಿಗಟ್ಟಿ, ಬೀಳುವ ಹೆದರಿಕೆಯಲ್ಲಿ ಗೇಟಿನವರೆಗೂ ಹೋಗಲಾಗದ ದಿನಗಳಲ್ಲಿ. ರಜೆಯನ್ನು ಒಡೆದು ಒಂದು ವಾರವನ್ನು ಆ ತಿಂಗಳಿಗೆ ಇಟ್ಟುಕೊಳ್ಳಿ. ಬಂದಾಗ, ನಿನ್ನೆ ನೀವು ಯಾರ ಜೊತೆ ಮಾತಾಡಿದಿರಿ, ನಾಳೆ ಯಾರು ನಿಮ್ಮನ್ನು ಕಾಯುತ್ತಿದ್ದಾರೆ ಎಂದು ಕೇಳಿ. ಎರಡಕ್ಕೂ ಹೆಸರು ಬಾರದಿದ್ದರೆ ಏರ್ಪಾಡನ್ನು ಬದಲಿಸಿಯೇ ಹೊರಡಿ, ಮತ್ತು ಈ ಸಲದ ಮಾತುಕತೆಗೆ ಅವರನ್ನೂ ಜಗಲಿಗೆ ಕರೆಯಿರಿ.